ಸ್ವರವೂ ವ್ಯಂಜನವೂ

ಕಳೆದ ವರ್ಷ ಯುಗಾದಿಗೆ ಮಗ ಬೆಂಗಳೂರಿನಿಂದ ಬಂದಾಗ ಕಾರಿನ ಡಿಕ್ಕಿಯಲ್ಲಿ ಐದಾರು ರಟ್ಟಿನ ಪೆಟ್ಟಿಗೆಗಳೂ ಬಂದವು. ಹಬ್ಬಕ್ಕೆ ಅಮ್ಮನಿಗೇನೋ ತಂದಿದ್ದಾನೆಂದು ನಾನು ಒಳಗೊಳಗೇ ಹಿಗ್ಗಿದೆ. ಒಂದು ಪೆಟ್ಟಿಗೆಯನ್ನಂತೂ ಒಬ್ಬನೇ ಎತ್ತಲಾರದೆ ಅಪ್ಪನನ್ನು ಕರೆದ. ಬಿಚ್ಚಿ ನೋಡಿದರೆ ಕರಿಯ ಬಣ್ಣದ, ಬೆನ್ನ ತುಂಬ ತೂತುಗಳಿರುವ ಒಂದು ಯಂತ್ರ. "ಹೋಮ್ ಥಿಯೇಟರ್ ಆಂಪ್ಲಿಫೈಯರ್ ಅಮ್ಮ. ಏಳು ಚಾನೆಲ್ಲಿಂದು" ಎಂದ.

"ಏಳೇ ಚಾನೆಲ್ಲಾ? ನಮ್ಮ ಕೇಬಲ್ಲಿನಲ್ಲಿ ಇನ್ನೂರು ಬರುತ್ತಲ್ಲೋ" ಎಂದೆ. ಅಪ್ಪ ಮಗ ಇಬ್ಬರೂ ನನ್ನ ಮುಖ ನೋಡಿ ನಕ್ಕರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ.

ಯಂತ್ರ ಬಂದದ್ದಕ್ಕೆ ಕಾರಣವಿತ್ತು. ಒಂದೆರಡು ವರ್ಷಗಳಿಂದ ನಮ್ಮ ಟಿ.ವಿ.ಯ ದನಿ ದಿನೇ ದಿನೇ ಏರುತ್ತಿತ್ತು. ಸಂಜೆ ನಾನು ಶಾಲೆಯಿಂದ ಬರುವಾಗ ಬೀದಿಯ ತಿರುವಿನಲ್ಲೇ ಧಾರಾವಾಹಿಯ ಅತ್ತೆಯ ಬೈಗುಳ ಕಿವಿಗೆ ಬೀಳುತ್ತಿತ್ತು. ಎದುರು ಮನೆಯಾಕೆ ಒಂದು ದಿನ, "ಟೀಚರ್, ನಿಮ್ಮ ಮನೇಲಿ ಯಾರಾದರೂ ನೆಂಟರು ಬಂದಿದಾರಾ? ಜೋರು ಮಾತು ಕೇಳ್ತಿತ್ತು" ಎಂದು ನಯವಾಗಿ ಚುಚ್ಚಿದರು. ಇವರನ್ನು ಕೇಳಿದರೆ, "ಈಗಿನ ನಟರು ಮಾತಾಡೋದಿಲ್ಲ ಕಣೇ, ಗೊಣಗ್ತಾರೆ. ಈ ಚಪ್ಪಟೆ ಟಿ.ವಿ.ಗಳಿಗೆ ಸರಿಯಾದ ಸ್ಪೀಕರೇ ಇರೋದಿಲ್ಲ" ಎನ್ನುತ್ತಿದ್ದರು. ಅದರಲ್ಲಿ ಅರ್ಧ ಸತ್ಯವೂ ಇತ್ತು. ತೆಳುವಾದ ಟಿ.ವಿ.ಯಲ್ಲಿ ದೊಡ್ಡ ಸ್ಪೀಕರಿಗೆ ಜಾಗವೆಲ್ಲಿ? ಇರುವ ಎರಡು ಪುಟ್ಟ ಸ್ಪೀಕರುಗಳು ನಮ್ಮ ಕಡೆ ಮುಖ ಮಾಡದೆ ನೆಲವನ್ನೋ ಗೋಡೆಯನ್ನೋ ನೋಡುತ್ತಿರುತ್ತವೆ. ಉಳಿದ ಅರ್ಧ ಸತ್ಯವನ್ನು ನಾವು ಯಾರೂ ಕೇಳಲಿಲ್ಲ.

ಆಂಪ್ಲಿಫೈಯರ್ ನಮ್ಮ ಮನೆಗೆ ಹೊಸದಲ್ಲ. ೧೯೯೪ರಲ್ಲಿ ನಾನು ಮದುವೆಯಾಗಿ ಹಾಸನಕ್ಕೆ ಬಂದಾಗ ಈ ಹಾಲಿನಲ್ಲಿ ನಮ್ಮ ಮಾವನವರ ವಾಲ್ವ್ ರೇಡಿಯೋ ಇತ್ತು. ಗುಂಡಿ ತಿರುಗಿಸಿದ ಮೇಲೆ ಅದರೊಳಗಿನ ಗಾಜಿನ ಬುರುಡೆಗಳು ಕಾದು ಕೆಂಪಾಗುವವರೆಗೆ ಸುದ್ದಿಗಾಗಿ ಕಾಯಬೇಕಿತ್ತು. ಅದರ ನೆತ್ತಿ ಸದಾ ಬೆಚ್ಚಗಿದ್ದುದರಿಂದ ಚಳಿಗಾಲದಲ್ಲಿ ಬೆಕ್ಕು ಅದರ ಮೇಲೆಯೇ ಮಲಗುತ್ತಿತ್ತು. ಪಕ್ಕದಲ್ಲಿ ಇವರು ಕೈಯಾರೆ ಕಟ್ಟಿದ ಸ್ಟೀರಿಯೋ ಆಂಪ್ಲಿಫೈಯರ್. ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸವಾದರೂ ಇವರ ಜೀವವೆಲ್ಲ ಬೆಸುಗೆಯ ಹೊಗೆಯಲ್ಲಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅಲೆದು ಟ್ರಾನ್ಸಿಸ್ಟರು, ಕೆಪಾಸಿಟರುಗಳನ್ನು ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದರು. ಆ ಕಾಲದ ಹವ್ಯಾಸಿಗಳೆಲ್ಲ ಬಳಸುತ್ತಿದ್ದ '೨ಎನ್೩೦೫೫' ಎಂಬ ಟ್ರಾನ್ಸಿಸ್ಟರಿನ ಹೆಸರು ನನಗೆ ನಾದಿನಿಯರ ಹೆಸರಿಗಿಂತ ಮೊದಲು ಬಾಯಿಪಾಠವಾಯಿತು. ಅದರ ಬಿಸಿ ಇಳಿಸಲು ಅಲ್ಯೂಮಿನಿಯಂ ರೆಕ್ಕೆಗಳಿದ್ದವು. ಧನುರ್ಮಾಸದ ಚಳಿಯಲ್ಲಿ ಇಡ್ಲಿ ಹಿಟ್ಟು ಹುಳಿಬರದಾಗ ನಾನು ಆ ರೆಕ್ಕೆಗಳ ಬಳಿ ಪಾತ್ರೆ ಇಡುತ್ತಿದ್ದೆ. ರಾತ್ರಿ ಇವರು ಹಾಡು ಕೇಳಿದಷ್ಟೂ ಬೆಳಿಗ್ಗೆ ಇಡ್ಲಿ ಮೆತ್ತಗಾಗುತ್ತಿತ್ತು.

ಈ ಬಿಸಿಯ ಗುಟ್ಟನ್ನು ಇವರೇ ಹೇಳಿಕೊಟ್ಟಿದ್ದರು. ಆಂಪ್ಲಿಫೈಯರಿನ ಕೆಲಸ ಕೆರೆಯ ತೂಬಿನಂತೆ. ತೂಬು ತಿರುಗಿಸುವ ಕೈಯ ಬಲ ಸಣ್ಣದು, ಹರಿಯುವ ನೀರು ಮಾತ್ರ ಕೆರೆಯದು. ಹಾಗೆಯೇ ಕ್ಯಾಸೆಟ್ಟಿನಿಂದ ಬಂದ ಸಣ್ಣ ಸಂಜ್ಞೆ, ಗೋಡೆಯ ಪ್ಲಗ್ಗಿನಿಂದ ಬರುವ ವಿದ್ಯುತ್ತನ್ನು ತನ್ನ ಏರಿಳಿತಕ್ಕೆ ತಕ್ಕಂತೆ ಹರಿಸುತ್ತದೆ. ಅಮೆರಿಕದ ಲೀ ಡಿ ಫಾರೆಸ್ಟ್ ೧೯೦೬ರಲ್ಲಿ ಗಾಜಿನ ಬುರುಡೆಯೊಳಗೆ ಮೂರನೆಯ ತಂತಿ ಸೇರಿಸಿದಾಗ ಆ ತೂಬು ಸಿಕ್ಕಿತು. ೧೯೪೭ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದಾಗ ತೂಬು ಬೆರಳ ತುದಿಯಷ್ಟಾಯಿತು. ಸಂಗೀತ ಇರಲಿ ಬಿಡಲಿ, ತೂಬನ್ನು ಸದಾ ತೆರೆದೇ ಇಡುವ ಬಗೆಗೆ 'ಎ' ವರ್ಗವೆಂದು ಹೆಸರು. ದನಿ ಸೊಗಸು, ಆದರೆ ವಿದ್ಯುತ್ತಿನ ಬಹುಪಾಲು ಬಿಸಿಯಾಗಿ ಹೋಗುತ್ತದೆ. ದನಿಯನ್ನೂ ದುಂದನ್ನೂ ಸರಿದೂಗಿಸಿದ್ದು 'ಎಬಿ' ವರ್ಗ. ತೂಬನ್ನು ಕ್ಷಣಕ್ಕೆ ಲಕ್ಷಗಟ್ಟಲೆ ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚುವುದು 'ಡಿ' ವರ್ಗ. ಅದು ಬಿಸಿಯಾಗುವುದೇ ಕಡಿಮೆ. 'ಡಿ' ಎಂದರೆ ಡಿಜಿಟಲ್ ಎಂದು ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ, 'ಸಿ' ಆದ ಮೇಲೆ ಬರುವ ಅಕ್ಷರ ಅಷ್ಟೇ. ಇಡ್ಲಿ ಹಿಟ್ಟಿಗಂತೂ ಅದು ನಿರುಪಯೋಗಿ.

ಇವರು ಹೇಳಿದ ಕಥೆಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರನದು. ದನಿಯನ್ನು ಹಿಗ್ಗಿಸಿದಷ್ಟೂ ಅದು ವಿಕಾರವಾಗುವುದು ಆ ಕಾಲದ ದೊಡ್ಡ ತಲೆನೋವು. ೧೯೨೭ರ ಆಗಸ್ಟ್ ೨ರಂದು ಬೆಳಿಗ್ಗೆ ಆತ ಕೆಲಸಕ್ಕೆ ಹೊರಟು ಹಡ್ಸನ್ ನದಿ ದಾಟುವ ಹಡಗಿನಲ್ಲಿದ್ದಾಗ ಥಟ್ಟನೆ ಉಪಾಯ ಹೊಳೆಯಿತಂತೆ. ಕೈಯಲ್ಲಿದ್ದ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಹಾಳೆಯ ಮೇಲೆಯೇ ಚಿತ್ರ ಬರೆದ. ಹೊರಗೆ ಹೋಗುವ ದನಿಯಲ್ಲಿ ಸ್ವಲ್ಪವನ್ನು ತಿರುಗು ಮುರುಗು ಮಾಡಿ ಮತ್ತೆ ಒಳಬಾಗಿಲಿಗೇ ತಂದು ಕೊಡುವುದು. ಆಗ ಯಂತ್ರಕ್ಕೆ ತಾನು ಮಾಡಿದ ತಪ್ಪು ತನಗೇ ಕಂಡು, ತಿದ್ದಿಕೊಳ್ಳುತ್ತದೆ. ಬಲ ಸ್ವಲ್ಪ ಕುಗ್ಗುತ್ತದೆ, ದನಿ ಶುದ್ಧವಾಗುತ್ತದೆ. "ಹೆಂಡತಿ ಇರೋದು ಇದಕ್ಕೇ ಅಲ್ಲವಾ?" ಎಂದು ಹೊಸದರಲ್ಲಿ ನಾನು ಕೇಳಿದ್ದೆ. ಇವರು ನಕ್ಕಿದ್ದರು. ಆ ಮಾತು ಒಂದು ದಿನ ನನಗೇ ತಿರುಗಿ ಬರುತ್ತದೆಂದು ಆಗ ತಿಳಿದಿರಲಿಲ್ಲ.

ಯುಗಾದಿಯ ಮಾರನೆಯ ದಿನ ಇಡೀ ಅಪ್ಪ ಮಗ ತಂತಿ ಎಳೆದರು. ಕೂತಲ್ಲಿ ಕೂರದೆ ಮಗ ಇತಿಹಾಸವನ್ನೂ ಹೇಳುತ್ತಿದ್ದ. ಸಿನಿಮಾ ಮಂದಿರದ ಸುತ್ತುದನಿಯನ್ನು ಮನೆಗೆ ತರುವ ಡಾಲ್ಬಿ ಸರೌಂಡ್ ೧೯೮೨ರಲ್ಲಿ ಬಂತು. ಅದರಲ್ಲಿ ಎಡ, ಬಲ ಮತ್ತು ಹಿಂದಿನ ದನಿ ಮಾತ್ರ. ೧೯೮೬ರಲ್ಲಿ ಯಮಾಹಾದವರು 'ಡಿಎಸ್‌ಪಿ-೧' ಎಂಬ ಯಂತ್ರ ಮಾಡಿ, ದೊಡ್ಡ ಸಭಾಂಗಣಗಳಲ್ಲಿ ದನಿ ಹೇಗೆ ಪ್ರತಿಫಲಿಸುತ್ತದೆಂದು ಅಳೆದದ್ದನ್ನು ಮನೆಯ ಕೋಣೆಯಲ್ಲಿ ಮರುಸೃಷ್ಟಿಸಿದರು. ೧೯೮೭ರ ಪ್ರೊ ಲಾಜಿಕ್ ಎದುರಿನ ಮಧ್ಯದಲ್ಲಿ ಒಂದು ಸ್ಪೀಕರನ್ನು ತಂದು ಪಾತ್ರಗಳ ಮಾತನ್ನು ಅದಕ್ಕೆ ವಹಿಸಿತು. ೧೯೯೨ರಲ್ಲಿ ಡಾಲ್ಬಿ ಡಿಜಿಟಲ್ ಚಿತ್ರಮಂದಿರಕ್ಕೆ ಬಂದು ಒಂದೊಂದು ಸ್ಪೀಕರಿಗೂ ಪ್ರತ್ಯೇಕ ದನಿ ಕೊಟ್ಟಿತು. ಐದು ದಿಕ್ಕಿಗೆ ಐದು, ಗುಡುಗಿಗೆಂದೇ ಇನ್ನೊಂದು. ಆ ಇನ್ನೊಂದು ತಗ್ಗು ಸ್ಥಾಯಿಯನ್ನಷ್ಟೇ ನುಡಿಯುವುದರಿಂದ ಅದನ್ನು ಪೂರ್ಣಾಂಕವಾಗಿ ಎಣಿಸದೆ '೫.೧' ಎಂದರು. ಡಿ.ವಿ.ಡಿ. ಜಪಾನಿನಲ್ಲಿ ೧೯೯೬ರಲ್ಲಿ ಬಿಡುಗಡೆಯಾದ ಮೇಲೆ ಇದು ಮನೆಮನೆಯ ಮಾತಾಯಿತು. ೨೦೦೬ರ ಬ್ಲೂ-ರೇ ತಟ್ಟೆಗಳು ಸ್ಟುಡಿಯೋದ ದನಿಯನ್ನು ಏನೂ ಕಳೆಯದೆ ತಂದವು. ೨೦೧೨ರಲ್ಲಿ ಚಿತ್ರಮಂದಿರಕ್ಕೆ ಬಂದ ಅಟ್ಮಾಸ್ ೨೦೧೪ರಲ್ಲಿ ಮನೆಯ ಆಂಪ್ಲಿಫೈಯರುಗಳಿಗೂ ಬಂದು, ಚಾವಣಿಯಿಂದಲೂ ಮಳೆ ಸುರಿಸತೊಡಗಿತು.

"ಇದೇನೂ ದೊಡ್ಡದಲ್ಲಮ್ಮ" ಎಂದ ಮಗ. ಬೆಂಗಳೂರಿನ ಅವನ ಸ್ನೇಹಿತನ ಮನೆಯಲ್ಲಿ ಲೆಕ್ಕ ಹಾಕುವ ಯಂತ್ರ ಬೇರೆ, ಶಕ್ತಿ ಕೊಡುವ ಆಂಪ್ಲಿಫೈಯರುಗಳು ಬೇರೆ. ಒಂದೊಂದು ಸ್ಪೀಕರಿಗೂ ಒಂದೊಂದು, ಒಂದೊಂದೂ ರುಬ್ಬುವ ಕಲ್ಲಿನ ಭಾರ. ಒಳಗಿರುವ ದೊಡ್ಡ ಟ್ರಾನ್ಸ್‌ಫಾರ್ಮರಿನ ತೂಕ ಅದು. "ಅಷ್ಟೊಂದು ವ್ಯಾಟ್ ಇದ್ದರೆ ಕಿವಿ ಹರಿಯೋಲ್ಲವೇನೋ?" ಎಂದೆ. ವ್ಯಾಟ್ ಎರಡು ಪಟ್ಟಾದರೆ ದನಿ ಮೂರು ಡೆಸಿಬೆಲ್ ಮಾತ್ರ ಏರುತ್ತದಂತೆ, ಕಿವಿಗೆ ಅದು ತುಸುವೇ ತಿಳಿಯುತ್ತದೆ. ನಮಗೆ ಎರಡರಷ್ಟು ಜೋರಾಗಿ ಕೇಳಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಇಷ್ಟು ವರ್ಷ ತರಗತಿಯಲ್ಲಿ ಕಿರುಚಿಕೊಂಡ ನನ್ನ ಗಂಟಲಿನ ಲೆಕ್ಕ ನೆನಪಾಯಿತು.

ಸಂಜೆಗೆ ಕೆಲಸ ಮುಗಿಯಿತು. ಇವರು ಕೂರುವ ಕುರ್ಚಿಯ ಹತ್ತಿರ ಒಂದು ಪುಟ್ಟ ಮೈಕ್ ನಿಲ್ಲಿಸಿ ನಮ್ಮನ್ನೆಲ್ಲ ಸುಮ್ಮನಿರಿಸಿದರು. ಒಂದೊಂದೇ ಸ್ಪೀಕರು 'ಕೂಯ್' ಎಂದು ಕೂಗಿತು. ಗೋಡೆ ಎಷ್ಟು ದೂರ, ಯಾವ ಮೂಲೆಯಲ್ಲಿ ದನಿ ಗುಂಯ್‌ಗುಡುತ್ತದೆ ಎಂದು ಯಂತ್ರ ತಾನೇ ಅಳೆದು ಸರಿಮಾಡಿಕೊಳ್ಳುತ್ತದಂತೆ. ಕೋಣೆಯ ಗುಣ ನೋಡಿ ಮಾತಾಡುವ ಯಂತ್ರ! ಅಷ್ಟು ಬುದ್ಧಿ ನಮಗಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು.

ಇವರಿಗೆ ಯಂತ್ರದ ಲೆಕ್ಕ ಸಾಲಲಿಲ್ಲ. "ಹಳೇ ಪದ್ಧತಿಯಲ್ಲಿ ಒಂದು ಸಲ ನೋಡೋಣ" ಎಂದು ತಗ್ಗಿನಿಂದ ಮೇಲಕ್ಕೇರುವ ಒಂದೇ ಎಳೆಯ ದನಿಯನ್ನು ಹಾಕಿಸಿದರು. ಮೊದಲು ನೆಲ ನಡುಗಿದಂತೆ, ಆಮೇಲೆ ತಂಬೂರಿಯಂತೆ, ಆಮೇಲೆ ಕೊಳಲಿನಂತೆ ದನಿ ಏರುತ್ತ ಹೋಯಿತು. ಇವರು ಕಣ್ಣು ಮುಚ್ಚಿ ಕೂತಿದ್ದರು. ಇದ್ದಕ್ಕಿದ್ದಂತೆ ಕಣ್ಣು ತೆರೆದು, "ನಿಂತೇ ಹೋಯ್ತಲ್ಲೋ! ಟ್ವೀಟರ್ ಸುಟ್ಟಿದೆ. ನಾಳೆನೇ ಅಂಗಡಿಗೆ ವಾಪಸ್ ಕೊಡು" ಎಂದರು.

ದನಿ ನಿಂತಿರಲಿಲ್ಲ. ಸೂಜಿಯಂತೆ ನನ್ನ ಕಿವಿಯನ್ನು ಚುಚ್ಚುತ್ತಿತ್ತು. ಮಗನ ಫೋನಿನಲ್ಲಿ ಮೂರೂವರೆ ಸಾವಿರ ಹರ್ಟ್ಸ್ ದಾಟಿದ ಅಂಕಿ ಕಾಣುತ್ತಿತ್ತು. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇವರು ನನ್ನತ್ತ ತಿರುಗಿ, "ನಿನಗೇನಾದರೂ ಕೇಳ್ತಿದೆಯೇನೇ?" ಎಂದರು.

"ಇಲ್ಲ ರೀ" ಎಂದೆ.

ತರಗತಿಯಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ನಿಲ್ಲಿಸಿ ಕೇಳಿದವಳು ನಾನು. ಅಂದು ಒಂದು ಕ್ಷಣವೂ ಯೋಚಿಸದೆ ಸುಳ್ಳು ಹೇಳಿದೆ. ಕಿವಿಯನ್ನೇ ನಂಬಿ ಬದುಕಿದ ಮನುಷ್ಯನ ಮುಂದೆ ನಿಜ ಹೇಳಲು ನಾಲಿಗೆ ಏಳಲಿಲ್ಲ. ಮಗ ಏನೋ ಗುಂಡಿ ಒತ್ತಿ ದನಿ ನಿಲ್ಲಿಸಿ, "ನೋಡ್ತೀನಿ ಅಪ್ಪ" ಎಂದ. ರಾತ್ರಿ ಅಡುಗೆಮನೆಯಲ್ಲಿ ನನಗೆ ಮಾತ್ರ ಕೇಳುವಂತೆ ಹೇಳಿದ: ವಯಸ್ಸಾದಂತೆ ಮೊದಲು ಹೋಗುವುದು ಎತ್ತರದ ಸ್ಥಾಯಿ. ನಮ್ಮ ಮಾತಿನಲ್ಲಿ ಸ್ವರಗಳ ಶಕ್ತಿಯೆಲ್ಲ ಬಹುಮಟ್ಟಿಗೆ ತಗ್ಗಿನಲ್ಲಿದೆ, ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಎತ್ತರದಲ್ಲಿ, ಅದೂ ಬಹಳ ಸಣ್ಣಗೆ. ಹಾಗಾಗಿ ಅಪ್ಪನಿಗೆ ಯಾರೋ ಮಾತಾಡುತ್ತಿದ್ದಾರೆಂದು ಗೊತ್ತಾಗುತ್ತದೆ, ಏನು ಹೇಳಿದರೆಂದು ಗೊತ್ತಾಗುವುದಿಲ್ಲ. ಟಿ.ವಿ.ಯ ದನಿ ಏರಿಸಿದರೆ ಕೇಳುತ್ತಿದ್ದ ಸ್ವರವೇ ಇನ್ನಷ್ಟು ಜೋರಾಗುತ್ತದೆ, ಕಳೆದುಹೋದ ವ್ಯಂಜನ ಹಿಂದೆಯೇ ಉಳಿಯುತ್ತದೆ.

ನನಗೆ ನಿದ್ದೆ ಬರಲಿಲ್ಲ. ಸ್ವರದ ಸಹಾಯವಿಲ್ಲದೆ ವ್ಯಂಜನವನ್ನು ಉಚ್ಚರಿಸಲಾಗದು ಎಂದು ವರ್ಷ ವರ್ಷವೂ ಹಲಗೆಯ ಮೇಲೆ ಬರೆದವಳು ನಾನು. ವ್ಯಂಜನವಿಲ್ಲದ ಸ್ವರ ಕೇಳಿದವನ ಗತಿಯೇನೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಕಾಲು, ಸಾಲು, ಹಾಲು, ಪಾಲು ಎಲ್ಲವೂ ಅವನಿಗೆ 'ಆಲು'. ಬೆಳಿಗ್ಗೆ "ಹಾಲು ಉಕ್ಕುತ್ತಿದೆ, ನೋಡಿ" ಎಂದಾಗ ಇವರು "ಯಾರ ಕಾಲು?" ಎಂದು ಕೇಳಿದ್ದು, ನಾನು "ಗಮನವೆಲ್ಲ ಪೇಪರಿನ ಮೇಲೆ" ಎಂದು ಸಿಡುಕಿದ್ದು ನೆನಪಾಯಿತು.

ಅದರ ಹಿಂದೆಯೇ ಇನ್ನೊಂದು ಮುಖ ನೆನಪಾಯಿತು. ಇಪ್ಪತ್ತು ವರ್ಷದ ಹಿಂದೆ ಎಂಟನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಪುಸ್ತಕ ನೋಡಿ ಬರೆದರೆ ಮುತ್ತಿನಂಥ ಅಕ್ಷರ, ಉಕ್ತಲೇಖನ ಕೊಟ್ಟರೆ ಎಲ್ಲವೂ ತಪ್ಪು. 'ಸಂತೆ' ಎಂದರೆ 'ಕಂತೆ' ಎಂದು, 'ಶಾಖೆ' ಎಂದರೆ 'ಕಾಕೆ' ಎಂದು ಬರೆಯುತ್ತಿದ್ದ. ಉಡಾಫೆಯೆಂದು ತಿಳಿದು ನಾನು ಒಂದೊಂದು ತಪ್ಪನ್ನೂ ಐವತ್ತು ಸಲ ಬರೆಸುತ್ತಿದ್ದೆ. ಅವನು ನನ್ನ ಬಾಯನ್ನೇ ದಿಟ್ಟಿಸುತ್ತಿದ್ದುದನ್ನು ಧೈರ್ಯವೆಂದು ಎಣಿಸಿದ್ದೆ. ಮರುವರ್ಷ ಅವನು ಶಾಲೆ ಬಿಟ್ಟ. ಅವನಿಗೆ ಕಿವಿ ಕೇಳುತ್ತಿರಲಿಲ್ಲವೆಂದು ಈಗ ಖಚಿತವಾಗಿ ಹೇಳಲಾರೆ. ಕೇಳುತ್ತಿದೆಯೇ ಎಂದು ನಾನು ವಿಚಾರಿಸಲಿಲ್ಲ ಎಂಬುದನ್ನಂತೂ ಹೇಳಬಲ್ಲೆ.

ಮಗ ಹೊರಡುವ ಮುಂಚೆ ಮಧ್ಯದ ಸ್ಪೀಕರಿನ ದನಿಯನ್ನಷ್ಟೇ ಏರಿಸಿಟ್ಟ. ಮಾತು ಮುಂದಕ್ಕೆ ಬಂತು, ಸಂಗೀತ ಹಿಂದೆ ಸರಿಯಿತು. ಇವರಿಗೂ ಸ್ವಲ್ಪ ಅನುಕೂಲವಾಯಿತು. ಆದರೂ ಬಂದವರೆದುರು "ಟ್ವೀಟರ್ ಸರಿಯಿಲ್ಲ" ಎಂದು ಹೇಳುವುದು ಬಿಡಲಿಲ್ಲ. ಹದಿನೈದು ದಿನ ನಾನು ಆ ಸುಳ್ಳನ್ನು ಹೊತ್ತುಕೊಂಡು ತಿರುಗಿದೆ. ಕಡೆಗೆ ಒಂದು ರಾತ್ರಿ ಊಟವಾದ ಮೇಲೆ ಎದುರಿಗೆ, ಮುಖ ಕಾಣುವಂತೆ ಕೂತು ಹೇಳಿದೆ. "ರೀ, ಅವತ್ತು ನಾನು ಸುಳ್ಳು ಹೇಳಿದೆ. ದನಿ ನಿಂತಿರಲಿಲ್ಲ. ನನಗೂ ಅವನಿಗೂ ಕೇಳ್ತಿತ್ತು."

ಇವರು ಏನೂ ಹೇಳದೆ ಎದ್ದು ಹೋಗಿ ಮಲಗಿದರು. ಮಾರನೆಯ ದಿನವೆಲ್ಲ ಮಾತಿಲ್ಲ. ಅದರ ಮಾರನೆಯ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಹಾಲಿನಲ್ಲಿ ಸ್ಪೀಕರಿನ ಸ್ಕ್ರೂಗಳು ಬಿಚ್ಚಿದ್ದವು. ಅಟ್ಟದಿಂದ ಇಳಿಸಿದ ಹಳೆಯ ಮೀಟರಿನ ಎರಡು ಕಡ್ಡಿಗಳನ್ನು ಟ್ವೀಟರಿನ ತಂತಿಗಳಿಗೆ ಹಿಡಿದಿದ್ದರು. ಮುಳ್ಳು ಸರಿದು ಆರು ಓಮ್ ಹತ್ತಿರ ನಿಂತಿತ್ತು. ಎರಡು ಸಲ, ಮೂರು ಸಲ ನೋಡಿದರು. ನನ್ನ ಮಾತಿಗಿಂತ ಮೀಟರಿನ ಮುಳ್ಳನ್ನು ನಂಬುವುದು ಇವರಿಗೆ ಸುಲಭ. ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದು ಮುಗಿಸಿ, "ಮೈಸೂರಿಗೆ ಯಾವತ್ತು ಹೋಗೋಣ?" ಎಂದರು. ಕಾಫಿ ತರುವ ನೆಪದಲ್ಲಿ ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ೧೯೬೦ರ ದಶಕದಿಂದ ಇದೆ. ನಾವು ಹಾಸನದಲ್ಲಿದ್ದುಕೊಂಡು ಎಷ್ಟು ಸಲ ಅದರ ಮುಂದೆ ಹಾದುಹೋಗಿದ್ದೆವೋ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಒಂದೊಂದು ಸ್ಥಾಯಿಯ ದನಿ ಕೇಳಿಸಿ ನಕ್ಷೆ ಬರೆದರು. ಗೆರೆ ಎಡಗಡೆ ಸಮನಾಗಿ ಬಂದು ಬಲಗಡೆ ಗುಡ್ಡ ಇಳಿದಂತೆ ಇಳಿದಿತ್ತು. ಇವರು ಅದನ್ನು ನೋಡಿ, "ಇದು ಆಂಪ್ಲಿಫೈಯರಿನ ಗ್ರಾಫ್ ಇದ್ದ ಹಾಗಿದೆ" ಎಂದರು. ಅಲ್ಲಿಂದ ಮುಂದೆ ಅವಮಾನ ಹೋಗಿ ಕುತೂಹಲ ಬಂತು. ಶ್ರವಣ ಸಾಧನವನ್ನು ತೋರಿಸಿದ ಹುಡುಗಿಯನ್ನು ಎಷ್ಟು ಚಾನೆಲ್, ವಿಕಾರ ಎಷ್ಟು ಎಂದು ಪೀಡಿಸಿದರು. ಪಾಪ, ಆಕೆ ನಗುನಗುತ್ತಲೇ ವಿವರಿಸಿದಳು. ದನಿಯನ್ನು ಸ್ಥಾಯಿಗೆ ತಕ್ಕಂತೆ ಪಾಲು ಮಾಡಿ, ಕೇಳದ ಪಾಲನ್ನು ಹೆಚ್ಚು, ಕೇಳುವ ಪಾಲನ್ನು ಕಡಿಮೆ ಹಿಗ್ಗಿಸುತ್ತದೆ. ಸಣ್ಣ ದನಿಯನ್ನು ಹೆಚ್ಚು ಎತ್ತುತ್ತದೆ, ದೊಡ್ಡ ದನಿಯನ್ನು ಅಷ್ಟು ಎತ್ತುವುದಿಲ್ಲ.

ಬಸ್ಸಿನಲ್ಲಿ ಬರುವಾಗ ಇವರೇ ಹೇಳಿದರು: ಟ್ರಾನ್ಸಿಸ್ಟರ್ ಹಾಕಿ ಜನರಿಗೆ ಮಾರಿದ ಮೊದಲ ವಸ್ತು ರೇಡಿಯೋ ಅಲ್ಲ, ಶ್ರವಣ ಸಾಧನ. ೧೯೫೨ರ ಕೊನೆಯಲ್ಲಿ ಅಮೆರಿಕದ ಸೋನೋಟೋನ್ ಕಂಪನಿ ಮಾಡಿದ್ದು, ಎರಡು ವಾಲ್ವ್ ಮತ್ತು ಒಂದು ಟ್ರಾನ್ಸಿಸ್ಟರಿನದು. ಈಗಿನವುಗಳಲ್ಲಿ ಬಿಸಿಯಾಗದ 'ಡಿ' ವರ್ಗದ ಆಂಪ್ಲಿಫೈಯರಿದೆ. ಕಿವಿಯಲ್ಲಿಡುವುದಕ್ಕೆ ಮತ್ತೆ ಯಾವುದು ಆದೀತು! ಹಾಲಿನಲ್ಲಿ ಹದಿನಾಲ್ಕು ಕಿಲೋ ತೂಗುವುದಕ್ಕೂ ಕಿವಿಯ ಹಿಂದೆ ಹುಣಸೆಬೀಜದ ಗಾತ್ರದಲ್ಲಿರುವುದಕ್ಕೂ ಮೂಲಪುರುಷ ಒಬ್ಬನೇ.

ಮೊದಲ ವಾರ ಇವರಿಗೆ ಬಹಳ ಕಷ್ಟವಾಯಿತು. ಪ್ಲಾಸ್ಟಿಕ್ ಚೀಲದ ಸರಸರ, ಪಾತ್ರೆಯ ಸದ್ದು ಎಲ್ಲವೂ ಈಟಿಯಂತೆ ಬರುತ್ತಿದ್ದವಂತೆ. ಎರಡು ದಿನ ತೆಗೆದು ಮೇಜಿನ ಮೇಲಿಟ್ಟರು. ನಾನು ಒತ್ತಾಯ ಮಾಡಲಿಲ್ಲ, ಆದರೆ ಎದುರಿಗೆ ಬರದೆ ಮಾತಾಡುವುದನ್ನು ಬಿಟ್ಟೆ. ತಿಂಗಳಾಗುವ ಹೊತ್ತಿಗೆ ಒಗ್ಗಿತು. ಟಿ.ವಿ. ನೋಡುವಾಗ ಆಂಪ್ಲಿಫೈಯರಿನ ಮುಖದಲ್ಲಿ ೬೨ ಎಂದಿರುತ್ತಿದ್ದ ಅಂಕಿ ಈಗ ೪೧ಕ್ಕೆ ಇಳಿದಿದೆ. ಎದುರು ಮನೆಯಾಕೆ ನೆಂಟರ ವಿಚಾರ ಕೇಳುವುದಿಲ್ಲ.

ಶಾಲೆಯಲ್ಲಿಯೂ ಒಂದು ರೂಢಿ ಮಾಡಿಕೊಂಡಿದ್ದೇನೆ. ಉಕ್ತಲೇಖನದಲ್ಲಿ ಯಾವ ಮಗು ಒಂದೇ ಬಗೆಯ ತಪ್ಪನ್ನು ಮತ್ತೆ ಮತ್ತೆ ಮಾಡುತ್ತದೋ ಅದರ ಹಿಂದೆ ಹೋಗಿ ನಿಂತು, ಮೆಲ್ಲಗೆ ನಾಲ್ಕು ಪದ ಹೇಳಿ, ತಿರುಗಿ ಹೇಳೆನ್ನುತ್ತೇನೆ. ಈ ವರ್ಷ ಅಂಥ ಒಬ್ಬಳು ಹುಡುಗಿ ಸಿಕ್ಕಿದಳು. ತಾಯಿಯನ್ನು ಕರೆಸಿ ಮೈಸೂರಿನ ವಿಳಾಸ ಬರೆದುಕೊಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಟಿ.ವಿ.ಯ ದನಿ ಏರುತ್ತಿದ್ದರೆ ನನ್ನ ಹಾಗೆ ಎರಡು ವರ್ಷ ಸಿಡುಕುತ್ತ ಕೂರಬೇಡಿ.

ಮೊನ್ನೆ ಧನುರ್ಮಾಸದ ಚಳಿಗೆ ಇಡ್ಲಿ ಹಿಟ್ಟು ಹುಳಿಬರಲಿಲ್ಲ. ಮಗ ತಂದ ಯಂತ್ರ 'ಎಬಿ' ವರ್ಗದ್ದೇ, ಮೈ ಬೆಚ್ಚಗಿರುತ್ತದೆ. ಆದರೆ ಅದರ ನೆತ್ತಿಯ ಕಿಂಡಿಗಳನ್ನು ಮುಚ್ಚಬಾರದೆಂದು ಅವನ ಕಟ್ಟಪ್ಪಣೆ. "ಇಷ್ಟು ದುಡ್ಡು ಕೊಟ್ಟು ತಂದ ಯಂತ್ರ ಒಂದು ಪಾತ್ರೆ ಹಿಟ್ಟಿಗೂ ಉಪಯೋಗವಿಲ್ಲ" ಎಂದು ಅಡುಗೆಮನೆಯಲ್ಲಿ ನನ್ನಷ್ಟಕ್ಕೆ ಗೊಣಗಿಕೊಂಡೆ.

"ಪಕ್ಕದಲ್ಲಿಡು, ಮೇಲಿಡಬೇಡ" ಎಂದು ಹಾಲಿನಿಂದ ಇವರ ದನಿ ಬಂತು.

ಮೂವತ್ತು ವರ್ಷದಿಂದ ಅಡುಗೆಮನೆಯಲ್ಲಿ ನಿಶ್ಚಿಂತೆಯಾಗಿ ಗೊಣಗುತ್ತಿದ್ದವಳು ನಾನು. ಇನ್ನು ಮೇಲೆ ಸ್ವಲ್ಪ ಹುಷಾರಾಗಿರಬೇಕು.